ದ್ವಿಚಕ್ರ ವಾಹನದ ತಪಾಸಣೆ: ಪೇಟೆಗೂ ಘಟ್ಟಕ್ಕೂ ಸೇರಿದ ಮಾತು

(ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಲ್ಲಿ ಅಲ್ಲಿನ ನಿವಾಸಿಗಳೂ ಯುವ ಬೈಕ್ ಸವಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಅಡಿಕೆಯ ಕೊಳೆರೋಗದ ಬಗ್ಗೆಯೋ ಎಲೆಚುಕ್ಕಿ ರೋಗದ ಬಗ್ಗೆಯೋ ಮಾತನಾಡಬೇಕಾದವನು ಮೋಟಾರು ಸೈಕಲ್ಲಿನ ಸೈಲೆನ್ಸರ್ ಹಿಡಿದುಕೊಂಡು ಬಂದಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನನ್ನ ವೃತ್ತಿ ಮಣ್ಣು, ಬೀಜ ಮತ್ತು ಬೆಳೆಗಳದು. ವಾಸ ಆಗುಂಬೆಯ ದಾರಿಯಲ್ಲಿ. ಆದರೆ ಈ ಬಡಾವಣೆಗೆ ನಾನು ಹೊಸಬನಲ್ಲ. ನನ್ನ ಅಕ್ಕನ ಮನೆ ಇಲ್ಲಿದೆ. ವರ್ಷಕ್ಕೆ ಎರಡು ಮೂರು ಬಾರಿ ಬಂದು ಉಳಿಯುತ್ತೇನೆ. ವೀರಾಂಜನೇಯನ ಗುಡಿಯ ಕಡೆಗೆ ಬೆಳಗಿನ ಹೊತ್ತು ಒಂದು ಸುತ್ತು ಹೋಗಿಬರುವುದು ರೂಢಿ.

ಶುಕ್ರವಾರ ರಾತ್ರಿ ಹನ್ನೊಂದರ ಮೇಲೆ ಅಕ್ಕನ ಮನೆಯ ಮಹಡಿಯಲ್ಲಿ ಮಲಗಿದ್ದಾಗ ಕಾರ್ಡ್ ರಸ್ತೆಯ ಕಡೆಯಿಂದ ಕೇಳಿಬರುವ ಸದ್ದೊಂದಿದೆ. ಮೊದಲು ದೂರದ ಗುಡುಗಿನಂತೆ ಶುರುವಾಗಿ, ಬೀದಿಯ ತಿರುವಿನಲ್ಲಿ ಪಟಾಕಿಯ ಸರದಂತೆ ಸಿಡಿದು, ಮತ್ತೆ ತುಮಕೂರು ರಸ್ತೆಯತ್ತ ಕರಗಿಹೋಗುವ ಸದ್ದು. ಅದೇ ಸದ್ದನ್ನು ಶನಿವಾರ ಬೆಳಿಗ್ಗೆ ನಮ್ಮ ಮನೆಯ ಅಂಗಳದಲ್ಲಿ ನಿಂತು ನಾನು ಎಷ್ಟೋ ಸಲ ಕೇಳಿದ್ದೇನೆ. ಹೊರಟದ್ದು ಇಲ್ಲಿಂದ, ತಲುಪಿದ್ದು ಅಲ್ಲಿಗೆ. ಆದ್ದರಿಂದ ಇದು ನಿಮ್ಮ ಬೀದಿಯ ಸಮಸ್ಯೆಯೆಂದು ನಾವು, ಘಟ್ಟದವರ ಗೊಣಗಾಟವೆಂದು ನೀವು ತಳ್ಳಿಹಾಕುವಂತಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬೈಕಿನ ವಿರೋಧಿಯಲ್ಲ. ಮಲೆನಾಡಿನಲ್ಲಿ ಬೈಕಿಲ್ಲದ ಬದುಕನ್ನು ಊಹಿಸುವುದೂ ಕಷ್ಟ. ದಿನಕ್ಕೆ ಎರಡು ಬಸ್ಸು ಬರುವ ಊರುಗಳಲ್ಲಿ ಹಾಲಿನ ಕ್ಯಾನು, ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರು, ಜ್ವರ ಬಂದ ಮಗು ಎಲ್ಲವೂ ಎರಡು ಚಕ್ರಗಳ ಮೇಲೆಯೇ ಸಾಗಬೇಕು. ನಾನು ಸವಾರಿ ಕಲಿತದ್ದು ಅಪ್ಪನ ಯೆಜ್ಡಿಯಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ 1996ರಲ್ಲಿ ಬಾಗಿಲು ಹಾಕಿತು. ನಾನು ಕ್ಲಚ್ಚು ಬಿಡುವುದನ್ನು ಕಲಿತದ್ದು ಅದು ಮುಚ್ಚಿದ ಆಸುಪಾಸಿನಲ್ಲಿಯೇ. ಆ ಗಾಡಿಯ ಜೋಡಿ ಸೈಲೆನ್ಸರಿನ ಸದ್ದು ಇಂದಿಗೂ ನನ್ನ ಕಿವಿಗೆ ಹಿತವೇ. ಹಳೆಯ ಎರಡು ಸ್ಟ್ರೋಕಿನ ಎಂಜಿನ್ನು ಪೆಟ್ರೋಲಿನ ಗಣನೀಯ ಪಾಲನ್ನು ಉರಿಸದೆಯೇ ಹೊರಗೆ ಚೆಲ್ಲುತ್ತಿತ್ತೆಂಬುದು ಆಮೇಲೆ ಓದಿ ತಿಳಿದ ಸಂಗತಿ. ಪ್ರೀತಿಗೂ ವಿಜ್ಞಾನಕ್ಕೂ ಎಲ್ಲ ಸಲ ಹೊಂದಿಕೆಯಾಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ, ಸದ್ದಿಲ್ಲದ ಒಂದು ಬಿಡಿಭಾಗದಿಂದ.

ಬೈಕಿನ ಹಿಂಚಕ್ರದ ಎಡಬದಿಯಲ್ಲಿ ಕಂಬಿಗಳ ಪುಟ್ಟ ಚೌಕಟ್ಟೊಂದು ಇರುತ್ತದೆ. ಅದನ್ನು ನಾವು ಸೀರೆ ಗಾರ್ಡ್ ಎನ್ನುತ್ತೇವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಮೂರು ವಸ್ತುಗಳನ್ನು ಕಡ್ಡಾಯಗೊಳಿಸಿದೆ: ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಆಸರೆ ಮತ್ತು ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚಿ ಬಟ್ಟೆ ಸಿಲುಕದಂತೆ ತಡೆಯುವ ಸಾಧನ. ಯಾವ ದೇಶದ ನಿಯಮಾವಳಿಯಿಂದಲೂ ನಕಲು ಮಾಡದೆ, ನಮ್ಮ ಹೆಂಗಸರು ಬೈಕಿನಲ್ಲಿ ಹೇಗೆ ಕುಳಿತುಕೊಳ್ಳುತ್ತಾರೆಂಬುದನ್ನು ಕಣ್ಣಾರೆ ನೋಡಿ ಬರೆದ ನಿಯಮ ಇದು ಎಂದು ನನಗೆ ಅನ್ನಿಸುತ್ತದೆ.

ನನ್ನ ಅಕ್ಕನ ಮಗ ಹೊಸ ಬೈಕು ಕೊಂಡ ತಿಂಗಳಲ್ಲೇ ಆ ಗಾರ್ಡನ್ನು ಬಿಚ್ಚಿಸಿದ್ದ. ಏಕೆಂದು ಕೇಳಿದ್ದಕ್ಕೆ, "ಮಾವ, ಅದಿದ್ರೆ ಗಾಡಿ ಅಂಕಲ್ ಗಾಡಿ ಥರ ಕಾಣತ್ತೆ" ಎಂದಿದ್ದ. ನಾನೂ ನಕ್ಕು ಸುಮ್ಮನಾದೆ. ಕೆಲವು ತಿಂಗಳ ನಂತರ ಅಕ್ಕ ಮದುವೆಯೊಂದಕ್ಕೆಂದು ಅವನ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತು ಹೊರಟಳು. ಕುರುಬರಹಳ್ಳಿ ದಾಟುವ ಮೊದಲೇ ಸೆರಗು ಚಕ್ರಕ್ಕೆ ಸಿಕ್ಕಿತು. ವೇಗ ಕಡಿಮೆಯಿತ್ತು, ಹಿಂದೆ ಬಸ್ಸಿರಲಿಲ್ಲ. ಮೊಣಕೈ ಮೂಳೆ ಮುರಿಯುವಷ್ಟರಲ್ಲಿ ಮುಗಿಯಿತು. ಸೀರೆಯ ಇನ್ನೊಂದು ಸುತ್ತು ಕೊರಳಿನ ಕಡೆಯದಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಕ್ಕ ಇಲ್ಲಿಯೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಆ ದಿನ ನಕ್ಕು ಸುಮ್ಮನಾದವನು ನಾನೂ ಹೌದೆಂಬುದು ನನ್ನನ್ನು ಬಿಟ್ಟಿಲ್ಲ.

ಆ ಗಾರ್ಡು ಬಿಚ್ಚಿದ ಬೈಕು ಎಷ್ಟು ಕಾಲ ರಸ್ತೆಯಲ್ಲಿ ಓಡಾಡಿತು? ಎಷ್ಟು ಬಾರಿ ಪೊಲೀಸರು ದಾಖಲೆ ನೋಡಿದರು, ಎಷ್ಟು ಬಾರಿ ಹೊಗೆ ತಪಾಸಣೆಯಾಯಿತು, ಎಷ್ಟು ಬಾರಿ ಸರ್ವೀಸಿಗೆ ಹೋಗಿಬಂತು? ಒಬ್ಬರೂ ಅದನ್ನು ಕೇಳಲಿಲ್ಲ. ಕೇಳಬೇಕಾದದ್ದು ಯಾರ ಕರ್ತವ್ಯ ಎಂಬುದೂ ಸ್ಪಷ್ಟವಿರಲಿಲ್ಲ. ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಲೋಪವನ್ನು.

ಕಾನೂನು ಏನು ಹೇಳುತ್ತದೆಂಬುದನ್ನು ಸ್ವಲ್ಪ ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು ಎನ್ನುತ್ತದೆ. ಈ ಬಿಗಿಯಾದ ರೂಪ ಬಂದದ್ದು 2000ದ ತಿದ್ದುಪಡಿಯಲ್ಲಿ. ರಾಜ್ಯಗಳ ನಿಯಮಗಳ ಆಸರೆಯಲ್ಲಿ ಒಂದಿಷ್ಟು ಮಾರ್ಪಾಡಿಗೆ ಅವಕಾಶವಿದೆಯೆಂದು ಕೇರಳದ ಪ್ರಕರಣವೊಂದರಲ್ಲಿ ವಾದ ಬೆಳೆದಿತ್ತು. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿ, ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಎಂಬ ಹೊಸ ಕಲಮು ಬಂತು. ಒಪ್ಪಿಗೆಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದವರಿಗೆ 190ನೆಯ ಕಲಮಿನ ಎರಡನೆಯ ಉಪಕಲಮು ಬೇರೆಯೇ ಇದೆ: ಮೊದಲ ತಪ್ಪಿಗೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ.

ವಿನಾಯಿತಿಗಳೂ ಇವೆ, ಅವು ನ್ಯಾಯವಾದವು. ಅಂಗವಿಕಲರು ತಮ್ಮ ಅಗತ್ಯಕ್ಕೆ ತಕ್ಕಂತೆ ವಾಹನವನ್ನು ಒಗ್ಗಿಸಿಕೊಳ್ಳಲು, ಅಂದರೆ ಸ್ಕೂಟರಿಗೆ ಪಕ್ಕದ ಚಕ್ರಗಳನ್ನು ಜೋಡಿಸುವಂಥದಕ್ಕೆ, ಅವಕಾಶವಿದೆ. ಬಣ್ಣ ಬದಲಿಸುವುದಿದ್ದರೆ ನೋಂದಣಿ ಪತ್ರದಲ್ಲಿ ಬಣ್ಣ ದಾಖಲಾಗಿರುವುದರಿಂದ ಕಚೇರಿಗೆ ತಿಳಿಸಿ ತಿದ್ದಿಸಿಕೊಳ್ಳಬೇಕು. ಹಾಗಾದರೆ ನಮ್ಮೂರಿನ ಹಾಲಿನವರು ಬೈಕಿನ ಎರಡೂ ಬದಿಗೆ ಬೆಸುಗೆ ಹಾಕಿಸಿಕೊಂಡ ಕ್ಯಾನಿನ ಕ್ಯಾರಿಯರು ಏನಾಗಬೇಕು? ಅದನ್ನು ಯಾರೂ ಹಿಡಿಯುವುದಿಲ್ಲ, ಹಿಡಿಯಬಾರದೆಂದೇ ನನ್ನ ಅಭಿಪ್ರಾಯ. ಆದರೆ ಅದರ ತೂಕದಿಂದ ಬ್ರೇಕಿನ ದೂರ ಹೆಚ್ಚುತ್ತದೆಂಬುದನ್ನು ಆ ಹಾಲಿನವರಿಗೆ ಯಾರಾದರೂ ಹೇಳಬೇಕು. ಹೊಟ್ಟೆಪಾಡಿನ ಮಾರ್ಪಾಡನ್ನೂ ಗತ್ತಿನ ಮಾರ್ಪಾಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನು ಕಾಗದದ ಮೇಲೆ ಸರಳ, ರಸ್ತೆಯ ಮೇಲೆ ಕಷ್ಟ.

ಇನ್ನು ಸೈಲೆನ್ಸರು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ಕ್ಷಮಿಸಿ.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲ ಅತ್ಯಂತ ಒತ್ತಡದಲ್ಲಿರುತ್ತದೆ. ಅದು ನೇರವಾಗಿ ಗಾಳಿಗೆ ಬಿದ್ದರೆ ಸಿಡಿಯುತ್ತದೆ. ಸೈಲೆನ್ಸರಿನೊಳಗಿನ ಕೋಣೆಗಳೂ ತೂತು ಕೊಳವೆಗಳೂ ಆ ಒತ್ತಡವನ್ನು ಹಂತಹಂತವಾಗಿ ಇಳಿಸುತ್ತವೆ. ನಿಯಮ 120 ಪ್ರತಿ ವಾಹನಕ್ಕೂ ಇಂಥದೊಂದು ಸಾಧನ ಇರಲೇಬೇಕೆನ್ನುತ್ತದೆ. ಇಂದಿನ ಬೈಕುಗಳಲ್ಲಿ ಇದೇ ಕೊಳವೆಯ ಹಾದಿಯಲ್ಲಿ ವೇಗವರ್ಧಕ ಪರಿವರ್ತಕವೂ ಇರುತ್ತದೆ. ಅಂದರೆ ಕಾರ್ಬನ್ ಮಾನಾಕ್ಸೈಡು, ಉರಿಯದ ಹೈಡ್ರೋಕಾರ್ಬನ್ನು ಮೊದಲಾದವನ್ನು ಕಡಿಮೆ ಹಾನಿಕರ ಅನಿಲಗಳಾಗಿ ಬದಲಿಸುವ, ಪ್ಲಾಟಿನಂ ಗುಂಪಿನ ಲೋಹಗಳನ್ನು ಲೇಪಿಸಿದ ಜೇನುಗೂಡಿನಂಥ ಭಾಗ. ಎಷ್ಟೋ ಬೈಕುಗಳಲ್ಲಿ ಕಂಪನಿಯ ಕೊಳವೆಯನ್ನು ತೆಗೆದು ಬೇರೆಯದನ್ನು ಹಾಕಿಸಿದಾಗ ಸದ್ದಿನ ತಡೆ ಮಾತ್ರವಲ್ಲದೆ ಈ ಪರಿವರ್ತಕವೂ ಗುಜರಿಗೆ ಹೋಗುತ್ತದೆ. ಭಾರತ್ ಸ್ಟೇಜ್ 6ರ ಮಾನದಂಡ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದಕ್ಕಾಗಿ ಹೆಚ್ಚುವರಿ ಹಣ ತೆತ್ತು ಬೈಕು ಕೊಂಡ ಹುಡುಗ, ಮತ್ತೆ ಹಣ ತೆತ್ತು ಅದನ್ನು ಇಪ್ಪತ್ತು ವರ್ಷ ಹಿಂದಕ್ಕೆ ತಳ್ಳುತ್ತಾನೆ.

ಈಗ ಸದ್ದಿನ ಲೆಕ್ಕ. ತಯಾರಾಗುವ ಹಂತದಲ್ಲಿ ಬೈಕು ಹಾದುಹೋಗುವಾಗ 7.5 ಮೀಟರ್ ದೂರದಲ್ಲಿ ಅಳೆಯುವ ಸದ್ದಿಗೆ ಮಿತಿಯಿದೆ: 80 ಸಿಸಿವರೆಗೆ 75 ಡೆಸಿಬಲ್, 80ರಿಂದ 175 ಸಿಸಿವರೆಗೆ 77, ಅದಕ್ಕೂ ಮೇಲೆ 80. ಡೆಸಿಬಲ್ಲಿನ ಲೆಕ್ಕ ನಮ್ಮ ಸಾಮಾನ್ಯ ಕೂಡು-ಕಳೆಯದಲ್ಲ. ಹತ್ತು ಡೆಸಿಬಲ್ ಹೆಚ್ಚಿತೆಂದರೆ ಶಬ್ದಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಿತೆಂದರೆ ನೂರು ಪಟ್ಟು. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಗಾದರೆ 77ರ ಬೈಕು 120 ಮೀಟರ್ ಆಚೆ ಸುಮಾರು 53ಕ್ಕೆ ಇಳಿಯುತ್ತದೆ. ಒಳಗಿನ ತಡೆಯನ್ನು ತೆಗೆದು 100 ಡೆಸಿಬಲ್ ಮಾಡಿಕೊಂಡ ಬೈಕು ಅದೇ ದೂರದಲ್ಲಿ ಇನ್ನೂ 76ರಲ್ಲಿರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಅದು ಹೊತ್ತಿನುದ್ದದ ಸರಾಸರಿಯ ಮಾತು, ಒಂದು ಕ್ಷಣದ ಮಾತಲ್ಲ, ನಿಜ. ಆದರೆ ಮಲಗಿದ ಹಸುಗೂಸು ಸರಾಸರಿಗೆ ಎಚ್ಚರವಾಗುವುದಿಲ್ಲ, ಆ ಕ್ಷಣಕ್ಕೇ ಎಚ್ಚರವಾಗುತ್ತದೆ.

ಘಟ್ಟದಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಹೊದಿಕೆ ಇರುತ್ತದೆ. ಆಗ ಸದ್ದು ಮೇಲಕ್ಕೆ ಹೋಗದೆ ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ. ಪ್ರತಿ ತಿರುವಿನಲ್ಲಿಯೂ ಗೇರು ಇಳಿಸಿ ಎಂಜಿನ್ನನ್ನು ಕೂಗಿಸಬೇಕು.

ನಾವು ಸದ್ದನ್ನು ಕಿರಿಕಿರಿ ಎನ್ನುತ್ತೇವೆ. ಕಪ್ಪೆಗೆ ಅದು ಸಂಸಾರದ ಪ್ರಶ್ನೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ, ಹೆದ್ದಾರಿಗೆ ದೂರವಲ್ಲದ ಜಡ್ಡಿಯಲ್ಲಿ, ಡಾ. ಕೆ. ವಿ. ಗುರುರಾಜ ಮತ್ತು ಸಂಗಡಿಗರು ಗುರುತಿಸಿ 2014ರಲ್ಲಿ ಲೋಕಕ್ಕೆ ಪರಿಚಯಿಸಿದ ಒಂದು ಇರುಳುಗಪ್ಪೆಯಿದೆ. ಗಂಡು ಕಪ್ಪೆ ಮುಂಗಾಲುಗಳಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆ ಮಾಡುವವನ ಕೈಯ ಕೆಲಸದಂತಿರುವುದರಿಂದ ಅದಕ್ಕೆ ಕುಂಬಾರ ಕಪ್ಪೆ ಎಂದೇ ಹೆಸರು. ಅದರ ವೈಜ್ಞಾನಿಕ ಹೆಸರಿನಲ್ಲಿಯೂ ಕುಂಬಾರನಿದ್ದಾನೆ. ಇಂಥ ಕಪ್ಪೆಗಳ ಗಂಡು ಹೆಣ್ಣನ್ನು ಕರೆಯುವುದು ಕೂಗಿನಿಂದಲೇ. ಎಂಜಿನ್ನಿನ ಸದ್ದು ಬಹುಮಟ್ಟಿಗೆ ಕೆಳಸ್ತರದ್ದು. ತಗ್ಗುದನಿಯ ಕಪ್ಪೆಗಳ ಕೂಗನ್ನು ಅದು ಮುಚ್ಚಿಹಾಕುತ್ತದೆ. ಕೂಗು ಕೇಳದಿದ್ದರೆ ಹೆಣ್ಣು ಬರುವುದಿಲ್ಲ. ಮಳೆಗಾಲವಾದರೋ ನಾಲ್ಕೇ ತಿಂಗಳು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಡಿಕ್ಕಿಯಿಂದ ಸಾಯುವ ಪ್ರಾಣಿಗಳನ್ನು ಉಳಿಸುವುದು ಅದರ ಮುಖ್ಯ ಕಾರಣ. ಡಿಕ್ಕಿಯಾಗದೆಯೇ ಆಗುವ ನಷ್ಟದ ಬಗ್ಗೆ ನಾವಿನ್ನೂ ಗಂಭೀರವಾಗಿ ಯೋಚಿಸಿಲ್ಲ.

ಜೋರು ಸದ್ದು ಜೀವ ಉಳಿಸುತ್ತದೆ, ಲಾರಿಯವನಿಗೆ ನಾನು ಬರುವುದು ಗೊತ್ತಾಗುತ್ತದೆ ಎಂದು ಸವಾರ ಮಿತ್ರರೊಬ್ಬರು ನನ್ನೊಡನೆ ವಾದಿಸಿದ್ದುಂಟು. ಕೊಳವೆಯ ಬಾಯಿ ಇರುವುದು ಹಿಂದಕ್ಕೆ. ಲಾರಿ ಬರುವುದು ಮುಂದಿನಿಂದ. ಅದಕ್ಕಾಗಿ ತಯಾರಕರು ಹಾರನ್ನು ಕೊಟ್ಟಿದ್ದಾರೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟು ಹಗಲಿನಲ್ಲಿಯೂ ಉರಿಯುತ್ತಲೇ ಇರುತ್ತದೆ. ಜೀವ ಉಳಿಸಿಕೊಳ್ಳುವ ಆಸೆ ನಿಜವಾಗಿದ್ದರೆ ಮೊದಲು ಬಿಚ್ಚಿಟ್ಟ ಕನ್ನಡಿಗಳನ್ನು ಜೋಡಿಸಬೇಕಿತ್ತು.

ಹಾಗಾದರೆ ತಪಾಸಣೆ ಎಲ್ಲಿದೆ? ನಮಗೆಲ್ಲ ಗೊತ್ತಿರುವುದು ಎಮಿಷನ್ ಟೆಸ್ಟ್ ಒಂದೇ. ಹೊಸ ವಾಹನಕ್ಕೆ ಒಂದು ವರ್ಷ ತುಂಬಿದ ಮೇಲೆ ಹೊಗೆ ತಪಾಸಣೆಯ ಪ್ರಮಾಣಪತ್ರ ಇರಬೇಕು. ಹಳೆಯ ಮಾನದಂಡದ ವಾಹನಗಳಿಗೆ ಆರು ತಿಂಗಳಿಗೊಮ್ಮೆ, ಬಿಎಸ್ 4 ಮತ್ತು ಬಿಎಸ್ 6 ವಾಹನಗಳಿಗೆ ವರ್ಷಕ್ಕೊಮ್ಮೆ. ನನ್ನದು 2009ರ ನಾಲ್ಕು ಸ್ಟ್ರೋಕಿನ ಬೈಕು. ಅದಕ್ಕೆ ಅನ್ವಯಿಸುವ ಮಿತಿ ಕಾರ್ಬನ್ ಮಾನಾಕ್ಸೈಡು ಶೇ. 3.5, ಹೈಡ್ರೋಕಾರ್ಬನ್ನು 4,500 ಪಿಪಿಎಂ. ಇದನ್ನು ಅಳೆಯುವುದು ಬೈಕು ನಿಂತಲ್ಲೇ, ಎಂಜಿನ್ನು ಸಣ್ಣಗೆ ಓಡುತ್ತಿರುವಾಗ. ಘಾಟಿ ಹತ್ತುವಾಗ ಏನಾಗುತ್ತದೆಂಬುದನ್ನು ಈ ಪರೀಕ್ಷೆ ಹೇಳಲಾರದು. ಅಲ್ಲಿ ಸದ್ದನ್ನು ಅಳೆಯುವುದೂ ಇಲ್ಲ. ಕಿವಿ ಗಡಚಿಕ್ಕುವ ಬೈಕೊಂದು ಹೊಗೆಯಲ್ಲಿ ತೇರ್ಗಡೆಯಾಗಿ ಹೆಮ್ಮೆಯಿಂದ ಹೊರಬರಬಹುದು.

ಒಮ್ಮೆ ನಾನು ಹೋಗಿದ್ದ ತಪಾಸಣಾ ಕೇಂದ್ರದಲ್ಲಿ ಅಳೆಯುವ ನಳಿಕೆಯನ್ನು ಕೊಳವೆಯೊಳಕ್ಕೆ ತೂರಿಸಲೇ ಇಲ್ಲ. ನಂಬರ್ ಪ್ಲೇಟಿನ ಫೋಟೊ ತೆಗೆದು, ಹಣ ಪಡೆದು, ಪ್ರಮಾಣಪತ್ರ ಕೊಟ್ಟರು. ಅದನ್ನು ಜೇಬಿಗಿಟ್ಟುಕೊಂಡು ಬಂದವನು ನಾನೇ. ಇದೇ ನಾನು ಬೀಜದ ಮಾದರಿ ತೆಗೆಯುವಾಗ ಮೂಟೆಯ ಮೇಲ್ಭಾಗದಿಂದ ಮಾತ್ರ ತೆಗೆದ ಸಹಾಯಕನನ್ನು ಗದರಿದ್ದೇನೆ. ಮೊಳಕೆ ಪರೀಕ್ಷೆ ಮಾಡದೆ ಪ್ರಮಾಣಿತ ಬೀಜವೆಂದು ಚೀಟಿ ಹಚ್ಚಿದರೆ ಹೊಲದಲ್ಲಿ ಮೊಳಕೆ ಬರುವುದಿಲ್ಲ, ರೈತ ವಾರದೊಳಗೆ ನಮ್ಮ ಬಾಗಿಲಿಗೆ ಬರುತ್ತಾನೆ. ಹೊಗೆಯ ಚೀಟಿ ಸುಳ್ಳಾದರೆ ಬಾಗಿಲು ತಟ್ಟುವವರು ಯಾರೂ ಇಲ್ಲ, ಅದೇ ವ್ಯತ್ಯಾಸ.

ಹಾಗೆಂದು ಬೆಳೆಗೆ ಗೊತ್ತಾಗುವುದಿಲ್ಲವೆಂದು ತಿಳಿಯಬೇಡಿ. ವಾಹನಗಳ ನೈಟ್ರೋಜನ್ ಆಕ್ಸೈಡುಗಳೂ ಉರಿಯದ ಹೈಡ್ರೋಕಾರ್ಬನ್ನುಗಳೂ ಬಿಸಿಲಿನಲ್ಲಿ ಸೇರಿ ನೆಲಮಟ್ಟದ ಓಜೋನಾಗುತ್ತವೆ. ಅದು ಗಾಳಿಯೊಂದಿಗೆ ಊರಾಚೆಗೂ ಸಾಗುತ್ತದೆ. ಹುರುಳಿಕಾಯಿಯ ಗಿಡದಲ್ಲಿ ಎಲೆಯ ಮೇಲ್ಮೈ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಬೆಲ್-ಡಬ್ಲ್ಯೂ3 ಎಂಬ ತಂಬಾಕಿನ ತಳಿಯಂತೂ ಓಜೋನಿಗೆ ಎಷ್ಟು ಸೂಕ್ಷ್ಮವೆಂದರೆ, ಅದನ್ನು ನೆಟ್ಟು ಎಲೆಯ ಚುಕ್ಕೆಗಳಿಂದಲೇ ಗಾಳಿಯ ಸ್ಥಿತಿಯನ್ನು ಅಂದಾಜು ಮಾಡುವ ಪದ್ಧತಿ ಹಲವು ದೇಶಗಳಲ್ಲಿದೆ. ರೋಗವೆಂದುಕೊಂಡು ಔಷಧಿ ಹೊಡೆದರೆ ಈ ಚುಕ್ಕೆ ಹೋಗುವುದಿಲ್ಲ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿಯನ್ನು ದಾಟಿವೆ, ಅವುಗಳಲ್ಲಿ ಮೂರನೆಯ ಎರಡು ಪಾಲಿನಷ್ಟು ದ್ವಿಚಕ್ರಗಳು.

ಹೊಗೆ ಬಿಟ್ಟರೆ ಉಳಿದದ್ದು? ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪತ್ರ ಬೇಕು. ನಮ್ಮ ನಿಮ್ಮ ಬೈಕಿಗೆ ನೋಂದಣಿಯಾದ ಮೇಲೆ ಮುಂದಿನ ತಪಾಸಣೆ ಹದಿನೈದು ವರ್ಷಕ್ಕೆ, ಮರುನೋಂದಣಿಯ ಹೊತ್ತಿಗೆ. ಅನಂತರ ಐದು ವರ್ಷಕ್ಕೊಮ್ಮೆ. ಬ್ರಿಟನ್ನಿನಲ್ಲಿ ಬೈಕಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ತಪಾಸಣೆ. ರಸ್ತೆಯಲ್ಲಿ ಬಳಸುವಂತಿಲ್ಲ ಎಂದು ಬರೆದಿರುವ ಸೈಲೆನ್ಸರು ಇದ್ದರೆ ಅಲ್ಲಿ ಅನುತ್ತೀರ್ಣ. ಜಪಾನಿನಲ್ಲಿ 250 ಸಿಸಿಗಿಂತ ದೊಡ್ಡ ಬೈಕುಗಳಿಗೆ ಮೊದಲು ಮೂರು ವರ್ಷಕ್ಕೆ, ಬಳಿಕ ಎರಡೆರಡು ವರ್ಷಕ್ಕೆ. ಹದಿನೈದು ವರ್ಷವೆಂದರೆ ಒಂದು ಅಡಿಕೆ ಸಸಿ ನೆಟ್ಟು, ಫಲ ಕೊಯ್ದು, ಅದರ ಅಡಿಕೆಯಿಂದ ಮತ್ತೊಂದು ಸಸಿ ಬೆಳೆಸಿ ಅದೂ ಫಲಕ್ಕೆ ಬರುವಷ್ಟು ಕಾಲ.

2024ರಲ್ಲಿ ನನ್ನ ಬೈಕಿಗೆ ಆ ಹದಿನೈದು ತುಂಬಿತು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಚಾಸಿಸ್ ಸಂಖ್ಯೆ ಉಜ್ಜಿ ನೋಡಿದರು, ವಿಮೆ ನೋಡಿದರು, ಅತಿಸುರಕ್ಷಿತ ನಂಬರ್ ಪ್ಲೇಟು ಇದೆಯೇ ಎಂದು ನೋಡಿದರು. ಬ್ರೇಕನ್ನು ಯಾರೂ ಒತ್ತಲಿಲ್ಲ. ನನ್ನ ಮುಂಚಕ್ರದ ಡಿಸ್ಕ್ ಬ್ರೇಕಿನ ದ್ರವ ಆಗ ಕಾಫಿಯ ಬಣ್ಣಕ್ಕೆ ತಿರುಗಿತ್ತೆಂಬುದು ಮರುವಾರ ನಮ್ಮೂರಿನ ಮೆಕ್ಯಾನಿಕ್ ಮುಚ್ಚಳ ತೆಗೆದಾಗ ಗೊತ್ತಾಯಿತು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಗುಂಬೆಯ ಮಳೆಯಲ್ಲಂತೂ ಕೇಳುವುದೇ ಬೇಡ. ನೀರು ಸೇರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಲೇ ಬಂದರೆ ಬಿಸಿಗೆ ದ್ರವ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಆಮೇಲೆ ಹಿಡಿ ಒತ್ತಿದರೆ ಗುಳ್ಳೆ ಅಮುಕುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ, ಕೆಲವು ನೂರು ರೂಪಾಯಿಯ ಕೆಲಸ. ಆ ಹದಿನೈದು ವರ್ಷ ನಾನು ಅದೇ ಬೈಕಿನಲ್ಲಿ ಮಗಳನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೇನೆ. ಟಯರಿನ ಗಾಡಿಗಳ ಆಳ ದ್ವಿಚಕ್ರಗಳಲ್ಲಿ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬ ನಿಯಮವಿದೆ. ಅದನ್ನು ಅಳೆಯುವ ಕಡ್ಡಿಯನ್ನು ನಾನು ಯಾವ ತಪಾಸಣೆಯಲ್ಲಿಯೂ ಕಂಡಿಲ್ಲ.

ತಪಾಸಣೆ ಹೆಚ್ಚಿದರೆ ಲಂಚ ಹೆಚ್ಚುತ್ತದೆ, ದಿನಕ್ಕೆ ಹದಿನಾಲ್ಕು ತಾಸು ಊಟ ಹಂಚುವ ಹುಡುಗನ ಮೇಲೆ ಹೊರೆ ಬೀಳುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗುಂಡಿ ಬಿದ್ದ ರಸ್ತೆಯ ಅರ್ಹತೆಯನ್ನು ಯಾರು ಪರೀಕ್ಷಿಸುತ್ತಾರೆ ಎಂಬ ಪ್ರಶ್ನೆಯೂ ಸರಿಯೇ. ಆದರೆ ಬ್ರೇಕು ಹಿಡಿಯದ ಗಾಡಿಯಲ್ಲಿ ಮೊದಲು ಸಾಯುವವನೂ ಆ ಹುಡುಗನೇ. ಶುಲ್ಕವನ್ನು ಕಡಿಮೆ ಇಟ್ಟು, ಸಣ್ಣ ದೋಷಗಳಿಗೆ ದಂಡ ಹಾಕದೆ ರಿಪೇರಿಗೆ ಗಡುವು ಕೊಡುವ ತಪಾಸಣೆ ಅಸಾಧ್ಯವೇನಲ್ಲ. ಹೊಗೆ ತಪಾಸಣಾ ಕೇಂದ್ರದಲ್ಲಿ ಹೇಗೂ ಬೈಕು ನಿಲ್ಲುತ್ತದೆ. ಅಲ್ಲಿಯೇ ಒಂದು ಶಬ್ದಮಾಪಕ, ಟಯರಿಗೊಂದು ಕಡ್ಡಿ, ಬ್ರೇಕ್ ದೀಪ, ಕನ್ನಡಿ, ಸೀರೆ ಗಾರ್ಡುಗಳ ಮೇಲೊಂದು ಕಣ್ಣು ಇಷ್ಟನ್ನು ಸೇರಿಸಲು ಹೊಸ ಕಟ್ಟಡ ಬೇಕಿಲ್ಲ. 2017ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೊಗೆಯ ಪ್ರಮಾಣಪತ್ರವಿಲ್ಲದೆ ವಿಮೆ ನವೀಕರಿಸಬಾರದೆಂದಿತ್ತು. ಅದರಿಂದ ವಿಮೆಯೇ ಇಲ್ಲದ ವಾಹನಗಳು ಹೆಚ್ಚಿ ಅಪಘಾತಕ್ಕೀಡಾದವರಿಗೆ ಪರಿಹಾರ ಸಿಗುವುದಿಲ್ಲವೆಂಬ ವಾದವನ್ನು ಮನ್ನಿಸಿ 2024ರ ಜುಲೈನಲ್ಲಿ ಆ ಷರತ್ತನ್ನು ಸಡಿಲಿಸಿತು. ಒಂದು ಕೊಂಡಿಯನ್ನು ಬಿಗಿಮಾಡಿದರೆ ಇನ್ನೊಂದು ಕಡೆ ಹೇಗೆ ಕಳಚುತ್ತದೆಂಬುದಕ್ಕೆ ಇದೊಂದು ಪಾಠ.

ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಇದು ನಡೆದಿದೆ. ನೋಡಲು ಸಮಾಧಾನ. ಆದರೆ ಅದೇ ವಾರ ಅಂಥದೇ ಕೊಳವೆ ಅಂಗಡಿಯ ಗಾಜಿನ ಹಿಂದೆ ನೇತಾಡುತ್ತಿರುತ್ತದೆ. 182ಎ ಕಲಮು ವಾಹನವನ್ನು ಬದಲಿಸಿ ಮಾರುವ ತಯಾರಕ ಮತ್ತು ಡೀಲರನಿಗೆ, ಅಧಿಸೂಚಿತ ಸುರಕ್ಷತಾ ಬಿಡಿಭಾಗಗಳನ್ನು ಗುಣಮಟ್ಟವಿಲ್ಲದೆ ಮಾರುವವನಿಗೆ ಒಂದು ಲಕ್ಷದ ದಂಡವನ್ನು ಹೇಳುತ್ತದೆ. ಬೀದಿಬದಿಯಲ್ಲಿ ಕೊಳವೆ ಜೋಡಿಸಿಕೊಡುವವನ ತನಕ ಆ ಕೈ ತಲುಪಿದ್ದನ್ನು ನಾನು ಕಂಡಿಲ್ಲ. ದಂಡವೆಲ್ಲ ಇಪ್ಪತ್ತರ ಹುಡುಗನ ಮೇಲೆ.

ನಮ್ಮ ಕಡೆಯ ತಪ್ಪನ್ನು ಮುಚ್ಚಿಟ್ಟುಕೊಂಡು ಮಾತನಾಡುವುದು ಸರಿಯಲ್ಲ. ಮಲೆನಾಡಿನ ತೋಟಗಳಲ್ಲಿ ಇಂದು ಕಳೆ ಕೊಚ್ಚುವ ಯಂತ್ರದ ಸದ್ದು ಬೆಳಗಿನಿಂದ ಸಂಜೆಯವರೆಗೆ ಇದೆ. ಎಷ್ಟೋ ಕಡೆ ಎರಡು ಸ್ಟ್ರೋಕಿನದೇ. ಅದನ್ನು ಹೆಗಲಿಗೆ ಹಾಕಿಕೊಂಡ ಕೂಲಿಯಾಳಿನ ಕಿವಿಗೆ ಹತ್ತಿಯೂ ಇರುವುದಿಲ್ಲ. ದಾಖಲೆಯ ಅವಧಿ ಮುಗಿದ ಬೈಕುಗಳು ತೋಟದ ದಾರಿಯಲ್ಲಿ ಓಡಾಡುತ್ತವೆ, ಸಂತೆಯ ದಿನ ಪೇಟೆಗೂ ಬರುತ್ತವೆ. ನಿಮ್ಮೂರಿನ ಸವಾರರಿಗೆ ಫಲಕ ಹಾಕುವ ಮೊದಲು ನಮ್ಮ ಊರುಗಳಲ್ಲೇ ಒಂದು ತಪಾಸಣಾ ದಿನವನ್ನು ಮಾಡಬೇಕೆಂದು ಬಳಗದ ಮುಂದೆ ಇಟ್ಟಿದ್ದೇನೆ. ಮೊದಲು ನನ್ನ ಹೆಸರನ್ನೇ ಬರೆಸಿದ್ದೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಘಟ್ಟಕ್ಕೆ ಬನ್ನಿ, ಊಟಕ್ಕೆ ನಮ್ಮ ಮನೆಗೂ ಬನ್ನಿ. ಕಂಪನಿಯ ಸೈಲೆನ್ಸರು ಅಟ್ಟದ ಮೇಲಿದ್ದರೆ ಕೆಳಗಿಳಿಸಿ ಜೋಡಿಸಿಕೊಂಡು ಬನ್ನಿ. ಮಳೆಗಾಲದಲ್ಲಿ ಬರುವುದಾದರೆ ಕತ್ತಲಾಗುವ ಮೊದಲು ಘಾಟಿ ದಾಟಿ.

ಈ ಕಟ್ಟಡದ ಅಂಗಳದಲ್ಲಿ ಈಗ ನಲವತ್ತಕ್ಕೂ ಹೆಚ್ಚು ಬೈಕುಗಳು ನಿಂತಿರುವುದನ್ನು ಬರುವಾಗ ನೋಡಿದೆ. ಪ್ರಶ್ನೋತ್ತರವನ್ನು ಇಲ್ಲಿ ಕುಳಿತು ಮಾಡುವ ಬದಲು ಕೆಳಗೆ ಹೋಗಿ ಒಂದೊಂದನ್ನೇ ನೋಡುತ್ತ ಮಾಡೋಣ: ಬ್ರೇಕ್ ದೀಪ, ಟಯರು, ಕನ್ನಡಿ, ದ್ರವದ ಬಣ್ಣ, ಗಾರ್ಡು, ಕೊಳವೆ. ಯಾರ ನಂಬರನ್ನೂ ಬರೆದುಕೊಳ್ಳುವುದಿಲ್ಲ. ಅಕ್ಕನ ಮಗ ಟಾರ್ಚ್ ಹಿಡಿದು ಆಗಲೇ ಕೆಳಗಿಳಿದಿದ್ದಾನೆ. ಮೊದಲ ಬೈಕು ಅವನದೇ.